ನಮ್ಮ ಹೊಲದ ಬಿಸಿಲಿಗೆ ಎಷ್ಟು ಬೆಲೆ?

(ದುಬೈಯಲ್ಲಿ ನಡೆದ ನಮ್ಮ ವೇದಿಕೆಯ ರಾಜ್ಯೋತ್ಸವ ಸಮಾರಂಭದಲ್ಲಿ ಆಡಿದ ಮಾತುಗಳ ಬರಹ ರೂಪ)

ವೇದಿಕೆಯ ಮೇಲಿರುವ ಹಿರಿಯರಿಗೆ, ಬೆಳಿಗ್ಗೆ ನಾಲ್ಕಕ್ಕೇ ಎದ್ದು ಬಿಸಿಬೇಳೆಬಾತ್ ಮಾಡಿಟ್ಟಿರುವ ಅಡುಗೆಯ ಗೆಳೆಯರಿಗೆ, ಕ್ಯಾಂಪುಗಳಿಂದ ಬಸ್ ಹಿಡಿದು ಬಂದಿರುವ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ನಮಸ್ಕಾರ.

ಕಾರ್ಯದರ್ಶಿಗಳು ಫೋನ್ ಮಾಡಿ, "ನೀವು ಸೋಲಾರ್ ಲೈನಲ್ಲಿದ್ದೀರಲ್ಲ, ನವೀಕರಿಸಬಹುದಾದ ಇಂಧನದ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿ" ಅಂದರು. ಮೊದಲೇ ಹೇಳಿಬಿಡ್ತೀನಿ, ನಾನು ಇಂಜಿನಿಯರ್ ಅಲ್ಲ. ಐಟಿಐ ಎಲೆಕ್ಟ್ರಿಷಿಯನ್. 2014ರಲ್ಲಿ ಬಿಲ್ಡಿಂಗ್ ವೈರಿಂಗ್ ಕೆಲಸಕ್ಕೆ ಅಂತ ಇಲ್ಲಿಗೆ ಬಂದವನು, ಎರಡು ವರ್ಷದ ಮೇಲೆ ಮರಳುಗಾಡಿನ ಸೋಲಾರ್ ಸೈಟಿಗೆ ಹೋದೆ, ಇವತ್ತಿಗೂ ಅದೇ ಕೆಲಸ. ಪ್ಯಾನೆಲ್ ಹೊತ್ತಿದ್ದೀನಿ, ಕೇಬಲ್ ಎಳೆದಿದ್ದೀನಿ, ಈಗ ಇನ್ವರ್ಟರ್ ರಿಪೇರಿ ತಂಡದಲ್ಲಿದ್ದೀನಿ. ಹಾಗಾಗಿ ಪುಸ್ತಕದ ಮಾತು ಕಡಿಮೆ, ಕೈಗೆ ತಾಗಿದ್ದು ಜಾಸ್ತಿ.

ಇನ್ನೊಂದು ವಿಷಯ. ನನ್ನ ಊರು ಪಾವಗಡ ತಾಲ್ಲೂಕು, ನಾಗಲಮಡಿಕೆ ಹೋಬಳಿ. ಹೆಸರು ಕೇಳಿದ ತಕ್ಷಣ ಕೆಲವರು ನಗ್ತಿದ್ದೀರಿ, ನಗಿ ಪರವಾಗಿಲ್ಲ. ಮೊದಲು ಪಾವಗಡ ಅಂದರೆ ಬರ ಅಂತಿದ್ದರು, ಈಗ ಸೋಲಾರ್ ಅಂತಾರೆ. ಮಳೆ ಇಲ್ಲ, ಕಡಲೆಕಾಯಿ ಕೈಗೆ ಹತ್ತಲಿಲ್ಲ ಅಂತ ನಾನು ಬಿಸಿಲಿನ ನಾಡಿಗೆ ಬಂದೆ. ನಾನು ಈ ಕಡೆ ಬಂದ ಮೇಲೆ ಜಗತ್ತಿನ ಅತಿ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು ನಮ್ಮ ಹೊಲದ ಬದುವಿಗೇ ಬಂತು. ವಿಧಿ ಅಂದರೆ ಇದೇ ಇರಬೇಕು.

ಎರಡು ತಿಂಗಳ ಹಿಂದೆ ನನ್ನ ತಮ್ಮ ಫೋನ್ ಮಾಡಿದ. "ಅಣ್ಣಾ, ಒಬ್ಬ ಏಜೆಂಟ್ ಬಂದವ್ನೆ. ಉಳಿದ ಮೂರು ಎಕರೆನೂ ಲೀಸಿಗೆ ಕೇಳ್ತಾವ್ನೆ. ನೀನು ಅದೇ ಕೆಲಸದಾಗೆ ಇದ್ದೀಯಲ್ಲ, ಏನು ಮಾಡಾನ ಹೇಳು" ಅಂದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಇಷ್ಟು ವರ್ಷ ಸೋಲಾರ್ ಕೆಲಸ ಮಾಡಿದವನಿಗೆ ಒಂದು ಎಕರೆ ಬಿಸಿಲಿನ ಬೆಲೆ ಎಷ್ಟು ಅಂತ ಗೊತ್ತಿರಲಿಲ್ಲ. ಅವತ್ತಿನಿಂದ ಕೂತು ಲೆಕ್ಕ ಹಾಕಿದ್ದನ್ನೇ ಇವತ್ತು ನಿಮ್ಮ ಮುಂದೆ ಹೇಳ್ತೀನಿ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಒಣ ಜಮೀನಿದೆ. ಗದಗ, ಕೊಪ್ಪಳ, ಚಿತ್ರದುರ್ಗ, ರಾಯಚೂರು, ಕಲಬುರಗಿ ಕಡೆಯವರು ಎಷ್ಟೋ ಜನ ಇಲ್ಲಿ ಕೂತಿದ್ದೀರಿ. ಇವತ್ತಲ್ಲ ನಾಳೆ ನಿಮ್ಮ ಮನೆಗೂ ಆ ಏಜೆಂಟ್ ಬರ್ತಾನೆ. ಗಾಳಿಗೋ, ಬಿಸಿಲಿಗೋ, ಟವರ್ ಲೈನಿಗೋ.

ಮೊದಲು ನಾವಿರುವ ಜಾಗದಿಂದ ಶುರು ಮಾಡೋಣ.

ದುಬೈ ಊರಿನಿಂದ ಐವತ್ತು ಕಿಲೋಮೀಟರ್ ದಕ್ಷಿಣಕ್ಕೆ ಸೈಹ್ ಅಲ್ ದಹಲ್ ಅನ್ನೋ ಕಡೆ ಮೊಹಮ್ಮದ್ ಬಿನ್ ರಾಶಿದ್ ಅಲ್ ಮಕ್ತೂಮ್ ಸೋಲಾರ್ ಪಾರ್ಕ್ ಇದೆ. ಅದು 2013ರಲ್ಲಿ ಬರೀ 13 ಮೆಗಾವ್ಯಾಟ್‌ನಿಂದ ಶುರುವಾಯಿತು. 2015ರ ಹೊತ್ತಿಗೆ ಎರಡನೇ ಹಂತ, 200 ಮೆಗಾವ್ಯಾಟ್, ಯೂನಿಟ್‌ಗೆ 5.84 ಸೆಂಟ್‌ಗೆ ಕೊಡ್ತೀವಿ ಅಂತ ಕಂಪನಿ ಒಪ್ಪಿಕೊಂಡಾಗ ಜಗತ್ತೇ ಬಾಯಿ ಬಿಟ್ಟು ನೋಡಿತು. ಇಷ್ಟು ಕಡಿಮೆಗೆ ಆಗಲ್ಲ, ಮುಳುಗ್ತಾರೆ ಅಂದವರೇ ಹೆಚ್ಚು. ಮರುವರ್ಷವೇ ಮೂರನೇ ಹಂತಕ್ಕೆ 2.99 ಸೆಂಟ್. 2019ರಲ್ಲಿ ಐದನೇ ಹಂತಕ್ಕೆ 1.69 ಸೆಂಟ್. 2023ರಲ್ಲಿ ಆರನೇ ಹಂತ, 1800 ಮೆಗಾವ್ಯಾಟ್, 1.62 ಸೆಂಟ್. ನಮ್ಮ ಭಾಷೆಯಲ್ಲಿ ಹೇಳೋದಾದರೆ ಯೂನಿಟ್‌ಗೆ ಆರು ಫಿಲ್ಸ್. ನಾವು ಕುಡಿಯೋ ಒಂದು ದಿರ್ಹಮಿನ ಕರಕ್ ಚಹಾದ ದುಡ್ಡಿಗೆ ಸೈಟಿನ ಗೇಟಿನಲ್ಲಿ ಹದಿನಾರು ಯೂನಿಟ್ ಬರುತ್ತದೆ. ಅದು ಮಾರುವ ಬೆಲೆ ಅಲ್ಲ, ಸರಕಾರ ಕಂಪನಿಯಿಂದ ಕೊಳ್ಳೋ ಬೆಲೆ. ನಿಮ್ಮ ರೂಮಿನ ಬಿಲ್ ನೋಡಿ ನನ್ನ ಜೊತೆ ಜಗಳಕ್ಕೆ ಬರಬೇಡಿ.

ನಮ್ಮ ದೇಶದಲ್ಲೂ ಇದೇ ಕತೆ. 2010ರಲ್ಲಿ ರಾಷ್ಟ್ರೀಯ ಸೌರ ಮಿಷನ್ನಿನ ಮೊದಲ ಹರಾಜಿನಲ್ಲಿ ಸರಾಸರಿ ದರ ಯೂನಿಟ್‌ಗೆ 12 ರೂಪಾಯಿ ಇತ್ತು. 2017ರಲ್ಲಿ ರಾಜಸ್ಥಾನದ ಭಡ್ಲಾದಲ್ಲಿ 2 ರೂ. 44 ಪೈಸೆ. 2020ರ ಡಿಸೆಂಬರ್‌ನಲ್ಲಿ ಗುಜರಾತಿನ ಹರಾಜಿನಲ್ಲಿ 1 ರೂ. 99 ಪೈಸೆ. ಆಮೇಲೆ ಸ್ವಲ್ಪ ಮೇಲೆ ಹೋಯಿತು. ಯಾಕೆಂದರೆ 2022ರ ಏಪ್ರಿಲ್‌ನಿಂದ ಹೊರಗಿನ ಪ್ಯಾನೆಲ್ ಮೇಲೆ ಶೇಕಡಾ 40, ಸೆಲ್ ಮೇಲೆ ಶೇಕಡಾ 25 ಸುಂಕ ಹಾಕಿದರು. ನಮ್ಮಲ್ಲೇ ಪ್ಯಾನೆಲ್ ಮಾಡಲಿ ಅನ್ನೋದು ಉದ್ದೇಶ. ಸರಿಯೋ ತಪ್ಪೋ ಅಂತ ದೊಡ್ಡವರು ವಾದ ಮಾಡ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಜಗತ್ತಿನ ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಶೇಕಡಾ 80ಕ್ಕಿಂತ ಹೆಚ್ಚು ಚೀನಾ ಒಂದರ ಕೈಯಲ್ಲಿರುವಾಗ ಸ್ವಲ್ಪ ದುಡ್ಡು ಜಾಸ್ತಿ ಕೊಟ್ಟಾದರೂ ಕಲಿಯಬೇಕು.

ಬೆಲೆ ಇಷ್ಟು ಯಾಕೆ ಬಿತ್ತು? ಒಂದು ಕಾರಣ ಎಲ್ಲರಿಗೂ ಗೊತ್ತು, ಪ್ಯಾನೆಲ್ ಅಗ್ಗವಾಯಿತು. 2010ರ ಸುಮಾರಿಗೆ ವ್ಯಾಟ್‌ಗೆ ಒಂದೂವರೆ ಎರಡು ಡಾಲರ್ ಇದ್ದದ್ದು 2024ಕ್ಕೆ ಹತ್ತು ಸೆಂಟ್ ಹತ್ತಿರ ಬಂತು. ನಾನು ಮೊದಲು ಹೊತ್ತಾಗ ಒಂದು ಪ್ಯಾನೆಲ್ ಮುನ್ನೂರು ವ್ಯಾಟ್ ಆಸುಪಾಸು, ಈಗ ಬರೋದು ಆರುನೂರು ಹತ್ತಿರ. ಅಗಲವೂ ಆಗಿದೆ, ಗಾಳಿ ಬಂದ ದಿನ ಇಬ್ಬರು ಹಿಡಿದರೆ ಗಾಳಿಪಟ ಹಿಡಿದ ಹಾಗೆ. ಈಗ ಎರಡೂ ಮುಖದ ಪ್ಯಾನೆಲ್ ಬಂದಿದೆ, ಮರಳಿನಿಂದ ವಾಪಸ್ ಬರುವ ಬೆಳಕನ್ನೂ ಹಿಂಬದಿಯಿಂದ ಕುಡಿಯುತ್ತದೆ. ಕೆಳಗೆ ಟ್ರ್ಯಾಕರ್ ಅಂತ ಒಂದು ಕೊಳವೆ, ಬೆಳಿಗ್ಗೆ ಪೂರ್ವಕ್ಕೆ ಸಂಜೆ ಪಶ್ಚಿಮಕ್ಕೆ ಸೂರ್ಯಕಾಂತಿ ಹೂವಿನ ಹಾಗೆ ಇಡೀ ಸಾಲನ್ನು ತಿರುಗಿಸುತ್ತದೆ.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ, ಅದನ್ನು ತೆಗೆಯಬೇಕು. ಊರಿನಲ್ಲಿ ಎಲ್ಲರೂ ಕೇಳ್ತಾರೆ, "ಅಲ್ಲಿ ಐವತ್ತು ಡಿಗ್ರಿ ಬಿಸಿಲಂತೆ, ಕರೆಂಟ್ ಧಾರಾಳ ಬರುತ್ತಲ್ವಾ?" ಅಂತ. ಬಿಸಿಲು ಬೇರೆ, ಬಿಸಿ ಬೇರೆ. ಪ್ಯಾನೆಲ್‌ಗೆ ಬೇಕಾದ್ದು ಬೆಳಕು. ಬಿಸಿ ಅದಕ್ಕೆ ಶತ್ರು. 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ ಶೇಕಡಾ ಕಾಲುಭಾಗದಿಂದ ಅರ್ಧದವರೆಗೆ ಶಕ್ತಿ ಇಳಿಯುತ್ತೆ. ಆಗಸ್ಟ್ ಮಧ್ಯಾಹ್ನ ಇಲ್ಲಿ ಪ್ಯಾನೆಲ್ ಮೈ 65 ಡಿಗ್ರಿ ಮುಟ್ಟಿದರೆ ನೂರು ಕೊಡಬೇಕಾದ್ದು ಎಂಬತ್ತೈದೋ ಎಂಬತ್ತಾರೋ ಕೊಡುತ್ತೆ. ಮೇಲಿಂದ ಧೂಳು. ಒಂದು ಮರಳುಗಾಳಿ ಬೀಸಿದರೆ ಪ್ಯಾನೆಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಅಂದರೆ ನಮ್ಮ ಪಾವಗಡದ ಬಿಸಿಲು ಈ ಊರಿನ ಬಿಸಿಲಿಗಿಂತ ಏನೂ ಕೀಳಲ್ಲ. ತಂಪು ಜಾಸ್ತಿ, ಧೂಳು ಕಡಿಮೆ.

ಹಾಗಾದರೆ ಇಲ್ಲಿ ಯೂನಿಟ್‌ಗೆ ಒಂದೂವರೆ ರೂಪಾಯಿಗಿಂತ ಕಡಿಮೆ, ನಮ್ಮಲ್ಲಿ ಎರಡೂವರೆ ರೂಪಾಯಿ, ಯಾಕೆ?

ಇದನ್ನು ನನಗೆ ಬಿಡಿಸಿ ಹೇಳಿದವರು ನಮ್ಮ ಸೈಟಿಗೆ ಬರುವ ಒಬ್ಬ ಲೆಕ್ಕದ ಮನುಷ್ಯ, ಕೇರಳದವರು. ಸೋಲಾರ್‌ಗೆ ಕಲ್ಲಿದ್ದಲು ಬೇಡ, ಡೀಸೆಲ್ ಬೇಡ. ಇಪ್ಪತ್ತೈದು ವರ್ಷದ ಖರ್ಚನ್ನೆಲ್ಲ ಮೊದಲ ವರ್ಷವೇ ಸುರಿಯಬೇಕು. ಅದನ್ನು ಸಾಲ ತಂದು ಸುರಿಯುತ್ತಾರೆ. ಹಾಗಾಗಿ ಸೋಲಾರ್ ಕರೆಂಟಿನ ಬೆಲೆಯಲ್ಲಿ ದೊಡ್ಡ ಪಾಲು ಬಡ್ಡಿ. ಇಲ್ಲಿ ಎರಡನೇ ಹಂತಕ್ಕೆ ಬ್ಯಾಂಕುಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಅವಧಿಗೆ ನಾಲ್ಕು ಪರ್ಸೆಂಟ್ ಆಸುಪಾಸಿನಲ್ಲಿ ಸಾಲ ಕೊಟ್ಟವು. ನಮ್ಮಲ್ಲಿ ಆಗ ಬಡ್ಡಿ ಅದಕ್ಕಿಂತ ಎಷ್ಟೋ ಜಾಸ್ತಿ. ಯಾಕೆ ಇಲ್ಲಿ ಕಡಿಮೆಗೆ ಕೊಟ್ಟರು? ಕರೆಂಟ್ ಕೊಳ್ಳುವವರು ಸರಕಾರಿ ಸಂಸ್ಥೆ, ತಿಂಗಳಿಗೆ ಸರಿಯಾಗಿ ದುಡ್ಡು ಕಟ್ಟುತ್ತದೆ ಅಂತ ಬ್ಯಾಂಕಿಗೆ ಧೈರ್ಯ. ಜಾಗವೂ ಸರಕಾರದ್ದೇ. ಸಾಲ ಕೊಟ್ಟವನ ಭಯ ಎಷ್ಟಿದೆಯೋ ಬಡ್ಡಿ ಅಷ್ಟಿರುತ್ತದೆ. ನಮ್ಮೂರ ಕೈಸಾಲದ ಲೆಕ್ಕವೂ ಇದೇ ಅಲ್ವಾ.

ಈ ಭಯಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ. ಪಾವಗಡ ತಾಲ್ಲೂಕಿಗೆ ಹೆಚ್ಚುಕಡಿಮೆ ಸುತ್ತಲೂ ಆಂಧ್ರವೇ. 2019ರಲ್ಲಿ ಆಂಧ್ರದಲ್ಲಿ ಸರಕಾರ ಬದಲಾದ ಮೇಲೆ, ಹಿಂದಿನವರು ಗಾಳಿ, ಸೋಲಾರ್ ಕಂಪನಿಗಳ ಜೊತೆ ಮಾಡಿಕೊಂಡ ಒಪ್ಪಂದದ ದರ ಜಾಸ್ತಿ ಆಯಿತು, ಇಳಿಸಿ ಅಂತ ಪಟ್ಟು ಹಿಡಿದರು. ಕೇಸು ಹೈಕೋರ್ಟಿಗೆ ಹೋಗಿ, 2022ರಲ್ಲಿ ಒಪ್ಪಂದದ ದರವನ್ನೇ ಕೊಡಬೇಕು ಅಂತ ತೀರ್ಪಾಯಿತು. ಆದರೆ ಬ್ಯಾಂಕಿನವನ ಮನಸ್ಸಿನಲ್ಲಿ ಹೊಕ್ಕ ಅನುಮಾನ ತೀರ್ಪಿನಿಂದ ಹೋಗುತ್ತದೆಯೇ? ಮುಂದಿನ ಸಾಲಕ್ಕೆ ಅದನ್ನೂ ಸೇರಿಸಿಯೇ ಬಡ್ಡಿ ಹೇಳ್ತಾನೆ. ಕೊನೆಗೆ ಕಟ್ಟುವವರು ಕರೆಂಟ್ ಉಪಯೋಗಿಸುವ ನಾವು.

ಈಗ ನಮ್ಮ ಹೊಲಕ್ಕೆ ಬರ್ತೀನಿ.

ಪಾವಗಡದ ಪಾರ್ಕಿಗಾಗಿ 2015ರಲ್ಲಿ ರಾಜ್ಯ ಮತ್ತು ಕೇಂದ್ರದ ಸಂಸ್ಥೆಗಳು ಸೇರಿ ಒಂದು ನಿಗಮ ಮಾಡಿದವು. ತಿರುಮಣಿ, ಬಳಸಮುದ್ರ, ಕ್ಯಾತಗಾನಚೆರ್ಲು, ವಳ್ಳೂರು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ. 2018ರ ಮಾರ್ಚ್‌ನಲ್ಲಿ ಉದ್ಘಾಟನೆ, 2019ರ ಕೊನೆಗೆ ಪೂರ್ತಿ 2050 ಮೆಗಾವ್ಯಾಟ್. ಇದರಲ್ಲಿ ಒಂದು ಒಳ್ಳೆಯ ಕೆಲಸ ಆಯಿತು, ಅದನ್ನು ಮೊದಲು ಹೇಳಬೇಕು. ಜಮೀನನ್ನು ಕಿತ್ತುಕೊಳ್ಳಲಿಲ್ಲ, ಕೊಂಡುಕೊಳ್ಳಲೂ ಇಲ್ಲ. ಬಾಡಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ. ಪಹಣಿಯಲ್ಲಿ ರೈತನ ಹೆಸರೇ ಉಳಿಯಿತು. ಬೇರೆ ಕಡೆ ಭೂಸ್ವಾಧೀನ ಅಂತ ಜನ ಬೀದಿಗೆ ಬಿದ್ದದ್ದನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ.

ನಮ್ಮಪ್ಪ ಎರಡು ಎಕರೆ ಕೊಟ್ಟರು. ಮೊದಲ ವರ್ಷ 42,000 ಬ್ಯಾಂಕಿಗೆ ಬಂದಾಗ ಅಮ್ಮ ಫೋನಿನಲ್ಲಿ, "ಮಳೆ ಬಂದ್ರೂ ಬರ್ದಿದ್ರೂ ದುಡ್ಡು ಬತ್ತದಂತೆ ಕಣೋ" ಅಂತ ಹೇಳಿದ್ದು ಈಗಲೂ ಕಿವಿಯಲ್ಲಿದೆ. ನಾನು ಅವತ್ತು ಕ್ಯಾಂಪಿನಲ್ಲಿ ಎಲ್ಲರಿಗೂ ಜಿಲೇಬಿ ಕೊಡಿಸಿದೆ.

ಈಗ ಪೆನ್ನು ಹಿಡಿದು ನೋಡೋಣ. 13,000 ಎಕರೆಗೆ 2050 ಮೆಗಾವ್ಯಾಟ್, ಅಂದರೆ ಒಂದು ಮೆಗಾವ್ಯಾಟ್‌ಗೆ ಆರು ಎಕರೆ ಚಿಲ್ಲರೆ. ಒಂದು ಮೆಗಾವ್ಯಾಟ್ ನಮ್ಮ ಕಡೆ ವರ್ಷಕ್ಕೆ ಹದಿನೇಳರಿಂದ ಹದಿನೆಂಟು ಲಕ್ಷ ಯೂನಿಟ್ ಕೊಡುತ್ತೆ ಅಂತ ಇಟ್ಟುಕೊಳ್ಳಿ. ಹಾಗಾದರೆ ಒಂದು ಎಕರೆಯಿಂದ ಎರಡು ಮುಕ್ಕಾಲು ಲಕ್ಷ ಯೂನಿಟ್. ಪಾವಗಡದ ದರ 2016ರ ಹರಾಜಿನಲ್ಲಿ 4 ರೂ. 80 ಪೈಸೆ ಆಸುಪಾಸು ಇತ್ತು, 2018ರ ಹೊತ್ತಿಗೆ 3 ರೂಪಾಯಿಗಿಂತ ಕೆಳಗೆ ಬಂತು. ಕಡಿಮೆಯದ್ದನ್ನೇ ಹಿಡಿಯೋಣ, ಮೂರು ರೂಪಾಯಿ. ಒಂದು ಎಕರೆಯಿಂದ ವರ್ಷಕ್ಕೆ ಎಂಟು ಲಕ್ಷದ ಮೇಲೆ ವಹಿವಾಟು. ಅದರಲ್ಲಿ ಜಮೀನಿನವನಿಗೆ 21,000. ಯೂನಿಟ್ ಲೆಕ್ಕದಲ್ಲಿ ಏಳೂವರೆ ಪೈಸೆ. ಏರಿಕೆ ಸೇರಿ ಈಗ ಎಕರೆಗೆ 25,500 ಆಸುಪಾಸು ಬರುತ್ತಿದೆ, ಅಂದರೆ ಒಂಬತ್ತು ಪೈಸೆ.

ಕಂಪನಿಯವರು ಉಳಿದದ್ದನ್ನೆಲ್ಲ ಜೇಬಿಗೆ ಹಾಕಿಕೊಳ್ತಾರೆ ಅಂತ ನಾನು ಹೇಳ್ತಿಲ್ಲ. ಹೇಳಿದೆನಲ್ಲ, ಅವರದ್ದರಲ್ಲಿ ದೊಡ್ಡ ಪಾಲು ಸಾಲಕ್ಕೇ ಹೋಗುತ್ತದೆ. ಈಗ ಅದನ್ನೂ ಲೆಕ್ಕ ಹಾಕಿ. ಮೆಗಾವ್ಯಾಟ್‌ಗೆ ನಾಲ್ಕು ಕೋಟಿ ಖರ್ಚು, ಮೂರು ಕೋಟಿ ಸಾಲ ಅಂದುಕೊಳ್ಳಿ. ಬಡ್ಡಿ ಒಂದೇ ಒಂದು ಪರ್ಸೆಂಟ್ ಇಳಿದರೆ ಮೊದಲ ವರ್ಷಗಳಲ್ಲಿ ವರ್ಷಕ್ಕೆ ಮೂರು ಲಕ್ಷ ಉಳಿಯುತ್ತೆ. ಹದಿನೇಳೂವರೆ ಲಕ್ಷ ಯೂನಿಟ್‌ಗೆ ಹಂಚಿದರೆ ಯೂನಿಟ್‌ಗೆ ಹದಿನೇಳು ಪೈಸೆ. ಅತ್ತ ರೈತನ ಬಾಡಿಗೆಯನ್ನು ಪೂರ್ತಿ ಎರಡು ಪಟ್ಟು ಮಾಡಿದರೂ ಹೆಚ್ಚಾಗುವುದು ಒಂಬತ್ತು ಪೈಸೆ. ಈ ಲೆಕ್ಕ ಬಂದ ರಾತ್ರಿ ನನಗೆ ನಿದ್ದೆ ಬರಲಿಲ್ಲ. "ಬಾಡಿಗೆ ಜಾಸ್ತಿ ಕೇಳಿದರೆ ಪ್ರಾಜೆಕ್ಟೇ ಬೇರೆ ಕಡೆ ಹೋಗುತ್ತೆ" ಅಂತ ಏಜೆಂಟ್ ನನ್ನ ತಮ್ಮನನ್ನು ಹೆದರಿಸಿದ್ದ. ಬಡ್ಡಿ ಅರ್ಧ ಪರ್ಸೆಂಟ್ ಏರಿದರೆ ಪ್ರಾಜೆಕ್ಟ್ ಎಲ್ಲಿಗೂ ಹೋಗಲ್ಲ, ನಮ್ಮ ಐದು ಪೈಸೆಗೆ ಹೋಗುತ್ತಂತೆ!

ಇನ್ನೊಂದು ಕಡೆ ಪೆಟ್ಟು ಬೀಳೋದು ಏರಿಕೆಯಲ್ಲಿ. ಎರಡು ವರ್ಷಕ್ಕೆ ಐದು ಅಂದರೆ ವರ್ಷಕ್ಕೆ ಎರಡೂವರೆ. ಎಣ್ಣೆ, ಬೇಳೆ, ಮಕ್ಕಳ ಫೀಸು ವರ್ಷಕ್ಕೆ ಎರಡೂವರೆ ಪರ್ಸೆಂಟ್ ಮಾತ್ರ ಏರುವ ಊರು ಎಲ್ಲಾದರೂ ಇದ್ದರೆ ಹೇಳಿ, ನಾನೂ ಅಲ್ಲಿಗೇ ಬರ್ತೀನಿ. 21,000ದಿಂದ ಶುರುವಾದ ಬಾಡಿಗೆ 28ನೇ ವರ್ಷಕ್ಕೆ 39,600 ಆಗುತ್ತೆ. ಸಾಮಾನಿನ ಬೆಲೆ ವರ್ಷಕ್ಕೆ ಐದು ಪರ್ಸೆಂಟ್‌ನಂತೆ ಏರಿದರೆ, ಮೊದಲ ವರ್ಷ 21,000ಕ್ಕೆ ಸಿಕ್ಕ ಸಾಮಾನಿಗೆ ಆ ಹೊತ್ತಿಗೆ 78,000 ಬೇಕು. ನೋಡೋಕೆ ಬಾಡಿಗೆ ಏರುತ್ತಲೇ ಇರುತ್ತೆ, ಒಳಗೆ ಅರ್ಧವಾಗಿರುತ್ತೆ. ಜಿಲೇಬಿ ಕೊಡಿಸಿದ ದಿನ ನಾನು ಇದನ್ನು ಯೋಚಿಸಿರಲಿಲ್ಲ.

ಇದು ಜಮೀನು ಇದ್ದವರ ಮಾತಾಯಿತು. ಜಮೀನೇ ಇಲ್ಲದವರು? ನಮ್ಮ ಹೊಲಕ್ಕೆ ಕಳೆ ಕೀಳೋಕೆ, ಕಡಲೆಕಾಯಿ ಬಿಡಿಸೋಕೆ ಬರ್ತಿದ್ದ ಅಕ್ಕ ಒಬ್ಬರಿದ್ದರು. ನಾನು ಚಿಕ್ಕವನಿದ್ದಾಗ ಅವರ ಸೊಂಟದ ಮೇಲೆ ಕೂತೇ ಹೊಲಕ್ಕೆ ಹೋಗ್ತಿದ್ದೆ. ಹೊಲಕ್ಕೆ ಬೇಲಿ ಬಿದ್ದ ಮೇಲೆ ಅವರಿಗೆ ಬಾಡಿಗೆಯೂ ಇಲ್ಲ, ಕೂಲಿಯೂ ಇಲ್ಲ. ಪಾರ್ಕಿನೊಳಗೆ ಹುಲ್ಲು ಕೀಳೋ ಕೆಲಸ, ಪ್ಯಾನೆಲ್ ತೊಳೆಯೋ ಕೆಲಸ, ಸೆಕ್ಯೂರಿಟಿ ಕೆಲಸ ಒಂದಷ್ಟು ಜನಕ್ಕೆ ಸಿಕ್ಕಿತು, ಎಲ್ಲರಿಗೂ ಅಲ್ಲ. ಕುರಿ ಮೇಯಿಸುವವರು ಬೇಲಿ ಸುತ್ತಿಕೊಂಡು ದೂರ ಹೋಗಬೇಕು. ಕಳೆದ ಸಲ ರಜೆಗೆ ಹೋದಾಗ ಆ ಅಕ್ಕ ಬೆಂಗಳೂರಿನಲ್ಲಿ ಯಾವುದೋ ಬಿಲ್ಡಿಂಗ್ ಕೆಲಸಕ್ಕೆ ಹೋಗಿದ್ದಾರೆ ಅಂದರು. ನಾನು ಇಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಅಂತ ಬಂದು ಸೋಲಾರ್‌ಗೆ ಹೋದೆ. ಅವರು ಸೋಲಾರ್‌ನಿಂದ ಬಿಲ್ಡಿಂಗ್ ಕೆಲಸಕ್ಕೆ ಹೋದರು.

ಕೂಲಿಯ ಮಾತು ಬಂತಲ್ಲ, ನಮ್ಮ ಕೆಲಸದ ಬಗ್ಗೆಯೂ ಸ್ವಲ್ಪ ಹೇಳಬೇಕು. ನಾನಿದ್ದ ಒಂದು ಸೈಟಿನಲ್ಲಿ ಮೊದಲು ಪ್ಯಾನೆಲ್ ತೊಳೆಯೋಕೇ ಒಂದು ಗುಂಪು ಇತ್ತು. ನೀರಿನ ಟ್ಯಾಂಕರ್, ಉದ್ದ ಕೋಲಿನ ಬ್ರಷ್, ರಾತ್ರಿ ಪಾಳಿ. ಆಮೇಲೆ ರೋಬೋ ಬಂತು. ಸಾಲಿನ ತುದಿಯಲ್ಲಿ ಕೂತಿರುತ್ತೆ, ಕತ್ತಲಾದ ಮೇಲೆ ನೀರಿಲ್ಲದೆ ಬ್ರಷ್ ತಿರುಗಿಸಿಕೊಂಡು ಆ ತುದಿಗೆ ಹೋಗಿ ಬರುತ್ತೆ. ಅಬುಧಾಬಿಯ ಸ್ವೈಹಾನ್‌ನಲ್ಲಿರುವ ನೂರ್ ಸ್ಥಾವರದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ಯಾನೆಲ್ ಇದೆ, ಅಲ್ಲೂ ರೋಬೋನೇ. ಮರಳುಗಾಡಿನಲ್ಲಿ ನೀರು ಉಳಿಯುತ್ತೆ, ಒಳ್ಳೆಯದೇ. ನಮ್ಮ ಗುಂಪಿನವರಲ್ಲಿ ನಾಲ್ಕು ಜನ ರೋಬೋ ರಿಪೇರಿ ಕಲಿತು ಉಳಿದುಕೊಂಡರು. ಉಳಿದವರ ವೀಸಾ ನವೀಕರಣ ಆಗಲಿಲ್ಲ. ಆ ನಾಲ್ಕು ಜನ ಬುದ್ಧಿವಂತರು ಅಂತಲ್ಲ, ತಾಂತ್ರಿಕ ಕೈಪಿಡಿ ಓದೋಕೆ ಹೆದರದವರು ಅಷ್ಟೇ. ಐಟಿಐ ಮಾಡಿರುವ ತಮ್ಮಂದಿರು ಇಲ್ಲಿದ್ದರೆ ಕೇಳಿ: ಪ್ಯಾನೆಲ್ ಹೊರುವ ಕೆಲಸ ಇನ್ನು ಹೆಚ್ಚು ದಿನ ಇರಲ್ಲ. ಇನ್ವರ್ಟರ್, ಹೈ ವೋಲ್ಟೇಜ್, ಬ್ಯಾಟರಿ, ಈ ಮೂರರಲ್ಲಿ ಒಂದನ್ನು ಹಿಡಿಯಿರಿ. ಊರಿನಲ್ಲಿರುವ ಹುಡುಗರಿಗೆ ಸರಕಾರದ ಸೂರ್ಯಮಿತ್ರ ತರಬೇತಿ ಇದೆ, ವಿಚಾರಿಸಲು ಹೇಳಿ.

ಬ್ಯಾಟರಿ ಅಂದೆ. ಸೋಲಾರ್ ಬಗ್ಗೆ ಎಲ್ಲರೂ ಎತ್ತುವ ಮೊದಲ ಆಕ್ಷೇಪ, ರಾತ್ರಿ ಏನು ಮಾಡ್ತೀರಿ ಅಂತ. ದುಬೈ ಪಾರ್ಕಿನ ನಾಲ್ಕನೇ ಹಂತದಲ್ಲಿ ಅದಕ್ಕೆ 260 ಮೀಟರ್ ದಾಟಿದ ಗೋಪುರ ಕಟ್ಟಿದರು. ಕೆಳಗಿನ ಸಾವಿರಾರು ಕನ್ನಡಿಗಳು ಅದರ ತುದಿಗೆ ಬಿಸಿಲು ಹಾಯಿಸುತ್ತವೆ, ಕರಗಿದ ಉಪ್ಪಿನಲ್ಲಿ ಆ ಬಿಸಿ ಉಳಿಯುತ್ತೆ, ರಾತ್ರಿ ಅದರಿಂದ ಕರೆಂಟ್. ನೋಡೋಕೆ ಅದ್ಭುತ, ಆದರೆ ಯೂನಿಟ್‌ಗೆ 7.3 ಸೆಂಟ್. ಅಷ್ಟರಲ್ಲಿ ಬ್ಯಾಟರಿ ಅಗ್ಗವಾಯಿತು. 2010ರ ಸುಮಾರಿಗೆ ಒಂದು ಯೂನಿಟ್ ಹಿಡಿದಿಡುವ ಬ್ಯಾಟರಿಗೆ ಸಾವಿರ ಡಾಲರ್ ಮೇಲಿತ್ತು, 2024ಕ್ಕೆ 115 ಡಾಲರ್ ಹತ್ತಿರ. 2025ರ ಜನವರಿಯಲ್ಲಿ ಅಬುಧಾಬಿಯಲ್ಲಿ 5.2 ಗಿಗಾವ್ಯಾಟ್ ಸೋಲಾರ್ ಜೊತೆಗೆ 19 ಗಿಗಾವ್ಯಾಟ್-ಅವರ್ ಬ್ಯಾಟರಿ ಹಾಕ್ತೀವಿ, ಹಗಲೂ ರಾತ್ರಿಯೂ ಒಂದೇ ಸಮ ಒಂದು ಗಿಗಾವ್ಯಾಟ್ ಕೊಡ್ತೀವಿ ಅಂತ ಪ್ರಕಟಿಸಿದರು. ಗುರಿ 2027. ಅಲ್ಲಿ ಕೆಲಸ ಹುಟ್ಟುತ್ತೆ, ಅದಕ್ಕೇ ಹೇಳಿದ್ದು ಬ್ಯಾಟರಿ ಕಲಿಯಿರಿ ಅಂತ.

ಕರ್ನಾಟಕಕ್ಕೂ ಇದೇ ಸಮಸ್ಯೆ. ಮಧ್ಯಾಹ್ನ ಸೋಲಾರ್ ಸುರಿಯುತ್ತೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇರಲ್ಲ. ಶರಾವತಿ ಕಣಿವೆಯಲ್ಲಿ ನೀರನ್ನು ಹಗಲು ಮೇಲೆತ್ತಿ ಸಂಜೆ ಕೆಳಗೆ ಬಿಡುವ 2000 ಮೆಗಾವ್ಯಾಟ್ ಯೋಜನೆ ಇದೆ. ಸಿಂಗಳೀಕದ ಅಭಯಾರಣ್ಯ ಅದು, ಅಲ್ಲಿನ ಜನ ಬೇಡ ಅಂತಿದ್ದಾರೆ. ನನಗೆ ಕೇಳಿದರೆ ಮೊದಲು ಮಾಡಬೇಕಾದ್ದು ಬೇರೆ: ಪಂಪ್‌ಸೆಟ್‌ಗೆ ಹಗಲು ಕರೆಂಟ್. ನಮ್ಮಪ್ಪ ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂತು ಅಂತ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗ್ತಿದ್ದರು. ಹಾವು ಕಚ್ಚಿ ಸತ್ತವರು ನಮ್ಮ ಹೋಬಳಿಯಲ್ಲೇ ಇದ್ದಾರೆ. ಹಗಲು ಹುಟ್ಟುವ ಕರೆಂಟನ್ನು ಹಗಲೇ ರೈತನಿಗೆ ಕೊಟ್ಟರೆ ಅದನ್ನು ಹಿಡಿದಿಡುವ ಗೋಜೇ ಇಲ್ಲ. ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸಣ್ಣ ಸೋಲಾರ್ ಘಟಕ ಹಾಕಿ ಪಂಪ್‌ಸೆಟ್ ಲೈನಿಗೆ ಕೊಡುವ ಕೆಲಸ ಶುರುವಾಗಿದೆ. ಅದು ಬೇಗ ಆಗಲಿ.

ಮನೆ ಮೇಲೆ ಸೋಲಾರ್ ಹಾಕಿಸಬೇಕಾ ಅಂತ ಬಹಳ ಜನ ಕೇಳ್ತಾರೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30,000, ಎರಡಕ್ಕೆ 60,000, ಮೂರು ಮತ್ತು ಅದರ ಮೇಲೆ ಎಷ್ಟಿದ್ದರೂ 78,000 ಸಹಾಯಧನ. ಆದರೆ ಸಹಾಯಧನ ಬೇಕಾದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ನಮ್ಮ ದೇಶದಲ್ಲೇ ತಯಾರಾಗಿರಬೇಕು. ಒಬ್ಬ ಗೆಳೆಯ ಇಲ್ಲಿಂದ ಕಾರ್ಗೋದಲ್ಲಿ ಕಂಬಳಿ, ಬಾದಾಮಿ ಜೊತೆ ನಾಲ್ಕು ಪ್ಯಾನೆಲ್ ಕಳಿಸ್ಲಾ ಅಂತ ಕೇಳಿದ. ಬೇಡಪ್ಪಾ ಬೇಡ. ಇನ್ನೊಂದು, ಗೃಹಜ್ಯೋತಿಯಲ್ಲಿ ನಿಮ್ಮ ಮನೆ ಬಿಲ್ ಈಗಾಗಲೇ ಸೊನ್ನೆ ಬರುತ್ತಿದ್ದರೆ ಪ್ಯಾನೆಲ್ ಹಾಕಿಸಿ ಉಳಿಸೋದು ಏನು? ಒಂದು ಯೋಜನೆ ಇನ್ನೊಂದರ ಕಾಲು ಎಳೆಯುತ್ತಿದೆ. ಅಂಗಡಿ, ಹಿಟ್ಟಿನ ಗಿರಣಿ, ಎಸಿ ಇರುವ ಮನೆ, ಬಿಲ್ ದೊಡ್ಡದು ಬರುವವರು ಹಾಕಿಸಿ, ನಾಲ್ಕೈದು ವರ್ಷದಲ್ಲಿ ದುಡ್ಡು ಹುಟ್ಟಬಹುದು. ಮೀಟರ್ ಯಾರ ಹೆಸರಲ್ಲಿದೆ ಮೊದಲು ನೋಡಿ. ನಮ್ಮನೆಯದು ಇನ್ನೂ ತಾತನ ಹೆಸರಲ್ಲೇ ಇದೆ.

ಸರಿ, ತಮ್ಮನ ಪ್ರಶ್ನೆಗೆ ವಾಪಸ್ ಬರ್ತೀನಿ. ಲೆಕ್ಕವನ್ನೆಲ್ಲ ವಾಟ್ಸ್ಆಪ್‌ನಲ್ಲಿ ಬರೆದು ಕಳಿಸಿದೆ. ಅವನು ಓದಿ ಫೋನ್ ಮಾಡಿ, "ಅಣ್ಣಾ, ನೀನು ಅಲ್ಲಿ ಕೂತ್ಕಂಡು ಪೈಸೆ ಲೆಕ್ಕ ಏಳ್ತೀಯ. ಇಲ್ಲಿ ಬೋರು ಬತ್ತೈತೆ. ಕಡ್ಲೆಕಾಯಿ ಗಿಡ ಒಣಗಿ ನಿಂತೈತೆ. ಅವ್ರು ಕೊಡಾದು ಕಮ್ಮಿನೇ ಇರ್ಬೋದು, ಈ ಒಲ ಕೊಡಾದು ಅದಕ್ಕಿಂತ ಕಮ್ಮಿ" ಅಂದ. ನನಗೆ ಬಾಯಿ ಕಟ್ಟಿತು. ಅವನು ಹೇಳಿದ್ದೂ ಸುಳ್ಳಲ್ಲ. ಬೇಡ ಅನ್ನೋ ಹಕ್ಕು ಹೊಲದಲ್ಲಿ ದುಡಿಯದ ನನಗೆ ಎಲ್ಲಿದೆ?

ಹಾಗಾಗಿ ಬೇಡ ಅನ್ನಲಿಲ್ಲ. ಕೊಡೋಣ, ಆದರೆ ನಾಲ್ಕು ಮಾತು ಕೇಳಿಯೇ ಕೊಡೋಣ ಅಂದೆ. ಏರಿಕೆ ಎರಡು ವರ್ಷಕ್ಕಲ್ಲ, ವರ್ಷಕ್ಕೆ ಐದು ಇರಬೇಕು. ಮಧ್ಯದಲ್ಲಿ ಹಳೇ ಪ್ಯಾನೆಲ್ ಕಿತ್ತು ಹೊಸದು ಹಾಕಿ ಅದೇ ಜಾಗದಲ್ಲಿ ಹೆಚ್ಚು ಕರೆಂಟ್ ತೆಗೆದರೆ ಅಥವಾ ಬ್ಯಾಟರಿ ತಂದಿಟ್ಟರೆ ಬಾಡಿಗೆಯ ಮಾತು ಮತ್ತೆ ಆಗಬೇಕು. ಅವಧಿ ಮುಗಿದ ಮೇಲೆ ಕಬ್ಬಿಣ, ಕಾಂಕ್ರೀಟ್, ಗಾಜು ಎಲ್ಲ ಎತ್ತಿ ಜಮೀನು ಉಳುವ ಹಾಗೆ ಮಾಡಿಕೊಡೋದು ಯಾರ ಖರ್ಚು ಅಂತ ಬರೆದಿರಬೇಕು. ಆ ಹೊತ್ತಿಗೆ ಈ ಕಂಪನಿ ಇರುತ್ತೋ ಇಲ್ಲವೋ, ಅದಕ್ಕೆ ಒಂದಿಷ್ಟು ದುಡ್ಡು ಈಗಲೇ ಎತ್ತಿಡಬೇಕು. ನಾಲ್ಕನೆಯದು, ಹೊಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಕೆಲಸ ಮೊದಲು. ಇದಕ್ಕೆ ತಮ್ಮ, "ಅದನ್ನ ನಾವ್ಯಾಕೆ ಕೇಳಾದು?" ಅಂದ. ಪಕ್ಕದಲ್ಲಿದ್ದ ಅಮ್ಮ ಫೋನ್ ಕಿತ್ತುಕೊಂಡು, "ನೀನು ಕೇಳು, ಅದನ್ನೇ ಮೊದ್ಲು ಕೇಳು" ಅಂದರು.

ಇವನ್ನೆಲ್ಲ ಒಬ್ಬನೇ ಕೇಳಿದರೆ ಏಜೆಂಟ್ ಪಕ್ಕದ ಹೊಲಕ್ಕೆ ಹೋಗ್ತಾನೆ. ಸುತ್ತಲಿನ ಹನ್ನೊಂದು ಮನೆಯವರು ಸೇರಿ ಕೂತರು. ಅದರಲ್ಲಿ ಮೂರು ಮನೆಯ ಮಕ್ಕಳು ನಮ್ಮ ಹಾಗೆ ಗಲ್ಫ್‌ನಲ್ಲಿದ್ದಾರೆ, ನಾವು ಮೂವರೂ ವೀಡಿಯೋ ಕಾಲ್‌ನಲ್ಲಿ ಸೇರಿದೆವು. ಏಜೆಂಟ್ ತಂದಿದ್ದ ಕರಾರು ಪತ್ರ ಇಪ್ಪತ್ತಾರು ಪುಟ, ಪೂರ್ತಿ ಇಂಗ್ಲಿಷ್. ಕನ್ನಡದಲ್ಲಿ ಕೊಡಿ, ಓದಿ ಸಹಿ ಹಾಕ್ತೀವಿ ಅಂತ ಹನ್ನೊಂದು ಜನವೂ ಹೇಳಿದರು. ಹೆಡ್ ಆಫೀಸಿಗೆ ಕೇಳಬೇಕು ಅಂತ ಹೋದವನು ಮೂರು ವಾರ ಬರಲಿಲ್ಲ. ತಮ್ಮ ನನ್ನ ಮೇಲೆ ಸಿಟ್ಟಾಗಿದ್ದ. ಮೊನ್ನೆ ಬುಧವಾರ ಏಜೆಂಟ್ ಫೋನ್ ಮಾಡಿದ್ದಾನೆ, ಕನ್ನಡದ ಪ್ರತಿ ತಯಾರಾಗುತ್ತಿದೆಯಂತೆ. ಏರಿಕೆಯ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ.

ಡಿಸೆಂಬರ್‌ನಲ್ಲಿ ರಜೆಗೆ ಹೋಗ್ತಿದ್ದೀನಿ. ನಿಮ್ಮಲ್ಲಿ ಯಾರ ಮನೆಗಾದರೂ ಇಂಥ ಕಾಗದ ಬಂದಿದ್ದರೆ ಫೋನಿನಲ್ಲಿ ಫೋಟೋ ಇಟ್ಟುಕೊಂಡಿರಿ. ಊಟ ಆದ ಮೇಲೆ ಹಿಂದಿನ ಸಾಲಿನಲ್ಲಿ ಕೂತಿರ್ತೀನಿ, ಒಟ್ಟಿಗೆ ಓದೋಣ. ಗದಗದ ಕಡೆಯ ಇಬ್ಬರು ಆಗಲೇ ಕೈ ಎತ್ತಿದ್ದಾರೆ, ನೋಡಿದೆ.